ಕೊಸರಿನಿಂದ ಇಡುಗಂಟು: ಯುಎಇ ಕನ್ನಡಿಗರ ಕ್ರೆಡಿಟ್ ಕಾರ್ಡ್ ಬಹುಮಾನ ಮತ್ತು ನಿವೃತ್ತಿಯ ಉಳಿತಾಯ

ಸಂತೆಯಲ್ಲಿ ತೂಕ ಮುಗಿದ ಮೇಲೆ ವ್ಯಾಪಾರಿ ಚೀಲಕ್ಕೆ ಸೇರಿಸುವ ಒಂದು ಹಿಡಿ ಬೆಂಡೆಕಾಯಿ ಅಥವಾ ನಾಲ್ಕು ಹಸಿಮೆಣಸಿನಕಾಯಿಗೆ ಕನ್ನಡದಲ್ಲಿ ಕೊಸರು ಎಂದು ಹೆಸರು. ಕೊಸರಿಗೆ ಬೆಲೆ ಕೇಳುವುದಿಲ್ಲ. ಹಾಗೆಂದು ಅದು ಪುಕ್ಕಟೆಯೂ ಅಲ್ಲ. ವ್ಯಾಪಾರಿ ಅದರ ಬೆಲೆಯನ್ನು ತೂಕದ ದರದಲ್ಲಿಯೇ ಸೇರಿಸಿಕೊಂಡಿರುತ್ತಾನೆ. ಕ್ರೆಡಿಟ್ ಕಾರ್ಡ್‌ನ ಪಾಯಿಂಟ್, ಮೈಲ್, ಕ್ಯಾಶ್‌ಬ್ಯಾಕ್ ಇವೆಲ್ಲವೂ ಇದೇ ಜಾತಿಯ ಕೊಸರುಗಳು. ದುಬೈ, ಅಬುಧಾಬಿಗಳಲ್ಲಿ ದುಡಿಯುವ ಕನ್ನಡಿಗರ ಕೈಯಲ್ಲಿ ಇಂದು ಇಂತಹ ಒಂದೆರಡು ಕಾರ್ಡುಗಳಾದರೂ ಇರುತ್ತವೆ. ಅವು ತರುವ ಚಿಲ್ಲರೆ ಲಾಭವನ್ನು ಖರ್ಚಿಗೆ ಬಿಡದೆ ವೃದ್ಧಾಪ್ಯಕ್ಕೆಂದು ಕೂಡಿಡಬಹುದೇ, ಕೂಡಿಟ್ಟರೆ ಎಷ್ಟಾದೀತು, ಅದನ್ನು ಎಲ್ಲಿಡಬೇಕು ಎಂಬುದು ಈ ಲೇಖನದ ವಿಷಯ.

ಅಮೆರಿಕದಲ್ಲಿ ಈ ವಿಚಾರಕ್ಕೆ ಸಿದ್ಧ ರೂಪವೇ ಇದೆ. ಫಿಡೆಲಿಟಿ ಸಂಸ್ಥೆಯ ಕ್ರೆಡಿಟ್ ಕಾರ್ಡ್ ಬಳಸಿದವರಿಗೆ ಖರ್ಚಿನ ಶೇ 2ರಷ್ಟು ಮೊತ್ತವನ್ನು ಅದೇ ಸಂಸ್ಥೆಯಲ್ಲಿರುವ ಅವರ ಹೂಡಿಕೆ ಅಥವಾ ನಿವೃತ್ತಿ ಖಾತೆಗೆ ಜಮಾ ಮಾಡಿಸಿಕೊಳ್ಳುವ ಅವಕಾಶವಿದೆ. ಅಲ್ಲಿ ನಿವೃತ್ತಿ ಖಾತೆ ಎಂಬುದು ಮೊದಲೇ ಇರುತ್ತದೆ. ಕಾರ್ಡ್ ಅದಕ್ಕೆ ಒಂದು ಕಿರುಗಾಲುವೆಯಷ್ಟೆ. ಯುಎಇಯಲ್ಲಿ ನೆಲೆಸಿರುವ ವಿದೇಶೀಯರ ಪಾಲಿಗೆ ಕಾಲುವೆ ಉಂಟು, ಅದು ಹರಿದು ಸೇರಬೇಕಾದ ಕೆರೆ ಇಲ್ಲ. ಆದ್ದರಿಂದ ಮೊದಲು ಕೆರೆಯ ಮಾತು.

ಪಿಂಚಣಿಯಿಲ್ಲದ ದುಡಿಮೆ

ಯುಎಇಯ ಪಿಂಚಣಿ ವ್ಯವಸ್ಥೆ ಆ ದೇಶದ ಪ್ರಜೆಗಳಿಗಾಗಿ ರೂಪುಗೊಂಡದ್ದು. ವಿದೇಶೀ ನೌಕರನಿಗೆ ದೊರೆಯುವುದು ಗ್ರಾಚ್ಯುಟಿ ಎಂದು ಎಲ್ಲರೂ ಕರೆಯುವ ಸೇವಾಂತ್ಯದ ಉಪದಾನ. 2022ರ ಫೆಬ್ರವರಿ 2ರಂದು ಜಾರಿಗೆ ಬಂದ 2021ರ 33ನೇ ಸಂಖ್ಯೆಯ ಒಕ್ಕೂಟ ಕಾರ್ಮಿಕ ಕಾನೂನಿನಂತೆ, ಕನಿಷ್ಠ ಒಂದು ವರ್ಷ ಸೇವೆ ಮುಗಿಸಿದವನಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನ, ಅನಂತರದ ಪ್ರತಿ ವರ್ಷಕ್ಕೆ 30 ದಿನಗಳ ವೇತನ ಸಲ್ಲಬೇಕು. ಒಟ್ಟು ಮೊತ್ತ ಎರಡು ವರ್ಷದ ವೇತನವನ್ನು ಮೀರುವಂತಿಲ್ಲ. ಸೇವೆ ಮುಗಿದ 14 ದಿನಗಳೊಳಗೆ ಅದನ್ನು ಕೊಡಬೇಕು.

ಇಲ್ಲಿ ವೇತನವೆಂದರೆ ಮೂಲವೇತನ ಎಂಬುದನ್ನು ಅನೇಕರು ಊರಿಗೆ ಹೊರಡುವ ತಿಂಗಳಲ್ಲಿ ಅರಿಯುತ್ತಾರೆ. ಮನೆ ಬಾಡಿಗೆ, ಪ್ರಯಾಣ, ದೂರವಾಣಿ ಮುಂತಾದ ಭತ್ಯೆಗಳು ಲೆಕ್ಕಕ್ಕೆ ಬರುವುದಿಲ್ಲ. ತಿಂಗಳಿಗೆ 8,000 ದಿರ್ಹಮ್ ಸಂಬಳವಿದ್ದು ಅದರಲ್ಲಿ ಮೂಲವೇತನ 4,000 ಮಾತ್ರ ಎಂದಿಟ್ಟುಕೊಳ್ಳೋಣ. ಇಪ್ಪತ್ತು ವರ್ಷ ದುಡಿದವನಿಗೆ ಮೊದಲ ಐದು ವರ್ಷಗಳಿಗೆ 14,000, ಉಳಿದ ಹದಿನೈದು ವರ್ಷಗಳಿಗೆ 60,000, ಒಟ್ಟು 74,000 ದಿರ್ಹಮ್ ಸಿಗುತ್ತದೆ. ಅವನ ಪೂರ್ಣ ಸಂಬಳದ ಲೆಕ್ಕದಲ್ಲಿ ಇದು ಒಂಬತ್ತು ತಿಂಗಳ ಖರ್ಚಿಗೆ ಸರಿಹೋದೀತು. ಇಪ್ಪತ್ತು ವರ್ಷಗಳ ದುಡಿಮೆಗೆ ಒಂಬತ್ತು ತಿಂಗಳು!

ಈ ಕೊರತೆಯನ್ನು ತುಂಬುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದ ವ್ಯಾಪ್ತಿಯಲ್ಲಿರುವ ಕಂಪನಿಗಳು 2020ರ ಫೆಬ್ರವರಿಯಿಂದ ಗ್ರಾಚ್ಯುಟಿಯ ಬದಲು ಪ್ರತಿ ತಿಂಗಳೂ ನೌಕರನ ಹೆಸರಿನ ಹೂಡಿಕೆ ನಿಧಿಗೆ ಹಣ ಕಟ್ಟುತ್ತಿವೆ. ಮೂಲವೇತನದ ಶೇ 5.83, ಐದು ವರ್ಷ ಮೀರಿದವರಿಗೆ ಶೇ 8.33. 2023ರಲ್ಲಿ ಇಂಥದೇ ಐಚ್ಛಿಕ ಯೋಜನೆಯೊಂದನ್ನು ದೇಶದ ಉಳಿದ ಖಾಸಗಿ ಕಂಪನಿಗಳಿಗೂ ತೆರೆಯಲಾಯಿತು. ಆದರೆ ಸೇರುವ ನಿರ್ಧಾರ ಮಾಲೀಕನದು. ಭಾರತ ಸರ್ಕಾರ 2012ರಲ್ಲಿ ಕೊಲ್ಲಿಯ ಕಾರ್ಮಿಕರಿಗಾಗಿ ಮಹಾತ್ಮ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆಯನ್ನು ಆರಂಭಿಸಿತು. ಸೇರಿದವರು ಅತ್ಯಲ್ಪವಾದ್ದರಿಂದ 2017ರಲ್ಲಿ ಅದು ಮುಚ್ಚಿಹೋಯಿತು. ಇತ್ತ ದುಬೈ 2020ರಲ್ಲಿ 55 ದಾಟಿದವರಿಗೆಂದು ಪ್ರಕಟಿಸಿದ ನಿವೃತ್ತಿ ವೀಸಾಕ್ಕೆ ಉಳಿತಾಯದ ದಾರಿಯಿಂದ ಅರ್ಹರಾಗಬೇಕಾದರೆ ಹತ್ತು ಲಕ್ಷ ದಿರ್ಹಮ್ ಬೇಕು. ಮೇಲೆ ಹೇಳಿದ 74,000ದ ಮನುಷ್ಯನಿಗೆ ಅದು ಬೇರೆಯವರ ಮನೆಯ ಮದುವೆ.

ಹೀಗಾಗಿ ಸ್ವಂತ ಉಳಿತಾಯವೊಂದೇ ದಾರಿ. ಆ ಉಳಿತಾಯದಲ್ಲಿ ಕಾರ್ಡಿನ ಕೊಸರಿನ ಪಾಲೆಷ್ಟು ಎಂಬುದನ್ನು ಅಳೆಯುವ ಮುನ್ನ ಅದು ಯಾರ ಕಿಸೆಯಿಂದ ಬರುತ್ತದೆ ಎಂದು ತಿಳಿಯುವುದು ಒಳ್ಳೆಯದು.

ಕೊಸರಿನ ಮೂಲ

ಗಿರಾಕಿಗೆ ಖರೀದಿಯ ಅಂಕ ಕೊಡುವ ಪದ್ಧತಿ ಕಾರ್ಡಿಗಿಂತ ಹಳೆಯದು. ಅಮೆರಿಕದ ಸ್ಪೆರಿ ಮತ್ತು ಹಚಿನ್ಸನ್ ಕಂಪನಿ 1896ರಿಂದಲೇ ಅಂಗಡಿಗಳ ಮೂಲಕ ಹಸಿರು ಚೀಟಿಗಳನ್ನು ಹಂಚುತ್ತಿತ್ತು. ಗೃಹಿಣಿಯರು ಅವನ್ನು ಪುಸ್ತಕದಲ್ಲಿ ಅಂಟಿಸಿ ಪಾತ್ರೆಪಗಡಿಗಳಿಗೆ ಬದಲಾಯಿಸಿಕೊಳ್ಳುತ್ತಿದ್ದರು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೈಲುಗಳ ಲೆಕ್ಕವನ್ನೂ, 1986ರಲ್ಲಿ ಡಿಸ್ಕವರ್ ಕಾರ್ಡ್ ನಗದು ವಾಪಸಾತಿಯನ್ನೂ ತಂದವು. ಎಮಿರೇಟ್ಸ್ ವಿಮಾನಸಂಸ್ಥೆಯ ಸ್ಕೈವಾರ್ಡ್ಸ್ ಹುಟ್ಟಿದ್ದು 2000ದಲ್ಲಿ.

ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವನು ಬಿಲ್ಲಿನ ಒಂದು ಸಣ್ಣ ಪಾಲನ್ನು ಬ್ಯಾಂಕುಗಳಿಗೂ ಕಾರ್ಡ್ ಜಾಲಕ್ಕೂ ತೆರುತ್ತಾನೆ. ಅದರಲ್ಲಿ ಒಂದಂಶ ಗಿರಾಕಿಗೆ ಕೊಸರಾಗಿ ಮರಳುತ್ತದೆ. ಅಂಗಡಿಯವನು ಆ ವೆಚ್ಚವನ್ನು ಸರಕಿನ ಬೆಲೆಗೆ ಸೇರಿಸುತ್ತಾನೆ. ನಗದು ಕೊಡುವವನೂ ಅದೇ ಬೆಲೆ ತೆರುತ್ತಾನೆ. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಮಾಡಿದ ಅಂದಾಜಿನಂತೆ, ಅಮೆರಿಕದಲ್ಲಿ ನಗದು ಬಳಸುವ ಕುಟುಂಬವೊಂದು ವರ್ಷಕ್ಕೆ ಸರಾಸರಿ 149 ಡಾಲರ್‌ಗಳನ್ನು ಹೀಗೆ ಕಾರ್ಡ್ ಬಳಸುವವರಿಗೆ ದಾಟಿಸುತ್ತದೆ; ಕಾರ್ಡ್ ಬಳಸುವ ಕುಟುಂಬ 1,133 ಡಾಲರ್ ಪಡೆಯುತ್ತದೆ. ಯುಎಇಗೆ ಆ ಅಂಕಿಗಳನ್ನು ಹಾಗೆಯೇ ಅನ್ವಯಿಸಲಾಗದು, ಆದರೆ ಹಣ ಹರಿಯುವ ದಿಕ್ಕು ಅದೇ. ಇಲ್ಲಿಯ ಬ್ಯಾಂಕುಗಳು ಬಹುಕಾಲದಿಂದ ತಿಂಗಳಿಗೆ ಕನಿಷ್ಠ 5,000 ದಿರ್ಹಮ್ ಸಂಬಳವನ್ನು ಕಾರ್ಡಿಗೆ ಅರ್ಹತೆಯಾಗಿ ಕೇಳುತ್ತ ಬಂದಿವೆ. ಲೇಬರ್ ಕ್ಯಾಂಪಿನಲ್ಲಿರುವ ನಮ್ಮೂರಿನ ಕಟ್ಟಡ ಕಾರ್ಮಿಕನಿಗೆ ಕಾರ್ಡಿಲ್ಲ. ನಮಗೆ ಕೊಸರಾಗಿ ಸಿಗುವುದರಲ್ಲಿ ಅವನ ಪಾಲೂ ಇದೆ ಎಂಬುದು ಹಿತಕರವಾದ ಸಂಗತಿಯಲ್ಲ, ತಿಳಿದಿರಬೇಕಾದದ್ದು.

ಇನ್ನೊಂದು ಮೂಲ, ಬ್ಯಾಂಕಿಗೆ ಹೆಚ್ಚು ಪ್ರಿಯವಾದದ್ದು, ಬಾಕಿ ಉಳಿಸಿಕೊಳ್ಳುವವರು ಕಟ್ಟುವ ಬಡ್ಡಿ. ತಿಂಗಳ ಬಿಲ್ಲನ್ನು ಪೂರ್ತಿ ತೀರಿಸುವವನಿಗೆ ಸಿಗುವ ಬಹುಮಾನವನ್ನು ತೀರಿಸಲಾಗದವನು ಭರಿಸುತ್ತಾನೆ. ಎಂದಮೇಲೆ ಈ ಆಟದಲ್ಲಿ ನಾವು ಯಾವ ಬದಿಗಿದ್ದೇವೆ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ನಲವತ್ತು ದಿರ್ಹಮ್‌ನ ಲೆಕ್ಕ

ಮೇಲಿನ 8,000 ದಿರ್ಹಮ್ ಸಂಬಳದ ಕುಟುಂಬವನ್ನೇ ತೆಗೆದುಕೊಳ್ಳೋಣ. ಬಾಡಿಗೆಯನ್ನು ಚೆಕ್ಕಿನಲ್ಲಿ ಕೊಡುತ್ತಾರೆ. ಒಂದಷ್ಟು ಊರಿಗೆ ಹೋಗುತ್ತದೆ. ದಿನಸಿ, ಪೆಟ್ರೋಲ್, ವಿದ್ಯುತ್ತು, ನೀರು, ಫೋನು, ಮಕ್ಕಳ ಖರ್ಚು ಸೇರಿ ಕಾರ್ಡಿನ ಮೂಲಕ ತಿಂಗಳಿಗೆ 4,000 ದಿರ್ಹಮ್ ಸಾಗುತ್ತದೆ ಎನ್ನೋಣ. ಜಾಹೀರಾತಿನಲ್ಲಿ ಶೇ 5 ಎಂದಿದ್ದರೂ ಅದು ಬಹುಪಾಲು ಯಾವುದೋ ಒಂದು ಬಗೆಯ ಖರ್ಚಿಗೆ ಸೀಮಿತ. ಅದಕ್ಕೂ ತಿಂಗಳ ಮಿತಿಯಿರುತ್ತದೆ, ಇಷ್ಟು ಖರ್ಚು ಮಾಡಲೇಬೇಕೆಂಬ ಷರತ್ತಿರುತ್ತದೆ. ಸರ್ಕಾರಿ ಶುಲ್ಕ, ಶಾಲೆಯ ಶುಲ್ಕ, ವಿದ್ಯುತ್ ಬಿಲ್ಲುಗಳಿಗೆ ದರ ತೀರ ಕಡಿಮೆ. ಎಲ್ಲ ಸೇರಿಸಿ ಸರಾಸರಿ ಶೇ 1 ದೊರೆತರೆ ತೃಪ್ತಿಪಡಬೇಕು. ಎಂದರೆ ತಿಂಗಳಿಗೆ 40 ದಿರ್ಹಮ್.

ಈ ನಲವತ್ತನ್ನು ಒಂದು ತಿಂಗಳೂ ತಪ್ಪಿಸದೆ ಇಪ್ಪತ್ತು ವರ್ಷ ಕೂಡಿಟ್ಟರೆ ಕಟ್ಟಿದ ಮೊತ್ತ 9,600 ದಿರ್ಹಮ್. ವರ್ಷಕ್ಕೆ ಶೇ 5ರ ಬೆಳವಣಿಗೆ ದೊರೆಯಿತೆಂದು ಭಾವಿಸಿದರೆ ಅದು ಸುಮಾರು 16,400 ಆಗುತ್ತದೆ. ಅದೇ ಅವಧಿಯಲ್ಲಿ ಬೆಲೆಗಳು ವರ್ಷಕ್ಕೆ ಶೇ 3ರಂತೆ ಏರಿದರೆ, ಆ 16,400ಕ್ಕೆ ಉಳಿಯುವ ಕೊಳ್ಳುವ ಶಕ್ತಿ ಇಂದಿನ 9,000 ದಿರ್ಹಮ್‌ನದು. ಮೇಲುನೋಟಕ್ಕೆ ಎರಡು ತಿಂಗಳ ಸಂಬಳ. ನಿಜದ ಲೆಕ್ಕದಲ್ಲಿ ಒಂದು ತಿಂಗಳಿಗಿಂತ ತುಸು ಹೆಚ್ಚು. ಕಾರ್ಡಿನ ಬಹುಮಾನದಿಂದಲೇ ನಿವೃತ್ತಿ ಜೀವನ ಸಾಗೀತೆಂದು ಯಾರಾದರೂ ಹೇಳಿದರೆ ಅವರು ಕಾರ್ಡ್ ಮಾರುವವರು ಎಂದು ತಿಳಿಯಬೇಕು. ಹಾಗೆಂದು ತೆಗೆದುಹಾಕುವಷ್ಟು ಚಿಕ್ಕದೂ ಅಲ್ಲ. ಎಲ್ಲಿ ಇಡುತ್ತೇವೆ ಎಂಬುದರ ಮೇಲೆ ಅದರ ಬೆಲೆ ಬದಲಾಗುತ್ತದೆ; ಆ ಮಾತಿಗೆ ಮುಂದೆ ಬರೋಣ.

ಈ ಪುಟ್ಟ ಮೊತ್ತ ಸೋರಿಹೋಗುವ ದಾರಿಗಳು ಮಾತ್ರ ದೊಡ್ಡವು. ವಾರ್ಷಿಕ ಶುಲ್ಕದಿಂದ ಆರಂಭಿಸೋಣ. ಶುಲ್ಕ 300 ದಿರ್ಹಮ್ ಇದ್ದರೆ, 2018ರಿಂದ ಜಾರಿಯಲ್ಲಿರುವ ಶೇ 5ರ ಮೌಲ್ಯವರ್ಧಿತ ತೆರಿಗೆ ಸೇರಿ 315. ವರ್ಷದ ಬಹುಮಾನ 480ರಲ್ಲಿ ಉಳಿಯುವುದು 165. ಈ ಆದಾಯವರ್ಗದವರಿಗೆ ಶುಲ್ಕವಿರುವ ಕಾರ್ಡ್ ಬಹುಮಟ್ಟಿಗೆ ಲಾಭದಾಯಕವಲ್ಲ. ಊರಿನ ಅಂತರ್ಜಾಲ ಅಂಗಡಿಯಲ್ಲಿ ರೂಪಾಯಿಯಲ್ಲಿ ಕೊಂಡರೆ ವಿದೇಶಿ ವಹಿವಾಟಿನ ಶುಲ್ಕವಾಗಿ ಶೇ 2-3 ಹೋಗುತ್ತದೆ. ಅಲ್ಲಿ ಶೇ 1ರ ಕೊಸರಿಗೆ ಅರ್ಥವಿಲ್ಲ. ಹಣ ರವಾನೆಗೆ ಕಾರ್ಡ್ ಬಳಸಿದರೆ ಅನೇಕ ಬ್ಯಾಂಕುಗಳು ಅದನ್ನು ನಗದು ಮುಂಗಡವೆಂದು ಪರಿಗಣಿಸಿ ಮೊದಲ ದಿನದಿಂದಲೇ ಬಡ್ಡಿ ಹಾಕುತ್ತವೆ.

ಬಡ್ಡಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯುಎಇಯ ಕಾರ್ಡುಗಳಲ್ಲಿ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ 3ರಿಂದ 4ರ ನಡುವೆ ಇರುತ್ತದೆ. ತಿಂಗಳಿಗೆ ಶೇ 3.5 ಎಂಬುದು ಕೇಳಲು ಸೌಮ್ಯ. ಚಕ್ರಬಡ್ಡಿಯಾಗಿ ವರ್ಷಕ್ಕೆ ಅದು ಶೇ 51. ಬಿಲ್ಲನ್ನು ಪೂರ್ತಿ ತೀರಿಸಿದವನಿಗೆ ಮಾತ್ರ ಬಡ್ಡಿರಹಿತ ಅವಧಿ. ಸ್ವಲ್ಪ ಉಳಿಸಿಕೊಂಡರೂ ರೂಢಿಯಂತೆ ಖರೀದಿಯ ದಿನದಿಂದಲೇ ಬಡ್ಡಿ ಎಣಿಸಲಾಗುತ್ತದೆ. 4,000 ದಿರ್ಹಮ್ ಬಿಲ್ಲನ್ನು ಒಂದು ತಿಂಗಳು ಮುಂದೂಡಿದರೆ 140 ದಿರ್ಹಮ್ ಬಡ್ಡಿ, ಮೇಲೆ ತಡಪಾವತಿ ದಂಡ. ಮೂರೂವರೆ ತಿಂಗಳ ಕೊಸರು ಒಂದೇ ಮರೆವಿನಲ್ಲಿ ಹೋಯಿತು.

ಬಿಲ್ಲಿನಲ್ಲಿ ಕಾಣುವ ‘ಕನಿಷ್ಠ ಪಾವತಿ’ ಇದಕ್ಕಿಂತ ಅಪಾಯಕಾರಿ. ಅದು ಸಾಮಾನ್ಯವಾಗಿ ಬಾಕಿಯ ಶೇ 5. ಬಾಕಿ 10,000 ಇದ್ದವನು 500 ಕಟ್ಟಿ ನೆಮ್ಮದಿಯಾಗಿರುತ್ತಾನೆ. ಆ ಐನೂರರಲ್ಲಿ 350 ಬಡ್ಡಿಗೆ ಹೋಗಿ ಅಸಲಿನಿಂದ ಇಳಿಯುವುದು 150 ಮಾತ್ರ. 6,000 ದಿರ್ಹಮ್ ಬಾಕಿಯನ್ನು ಒಂದು ವರ್ಷ ಹಾಗೆಯೇ ಹೊತ್ತವನು ಕಟ್ಟುವ ಬಡ್ಡಿ 2,520. ಐದು ವರ್ಷಗಳ ಬಹುಮಾನಕ್ಕಿಂತ ಹೆಚ್ಚು. ಬಡ್ಡಿಯನ್ನು ಒಲ್ಲದವರಿಗಾಗಿ ಇಸ್ಲಾಮಿಕ್ ಬ್ಯಾಂಕುಗಳ ಕಾರ್ಡುಗಳಿವೆ. ಅಲ್ಲಿ ಬಡ್ಡಿಯೆಂಬ ಹೆಸರಿಲ್ಲ. ಶುಲ್ಕ ಅಥವಾ ಲಾಭಾಂಶದ ರೂಪದಲ್ಲಿ ಬಾಕಿಗೆ ಬೆಲೆಯಂತೂ ಇದ್ದೇ ಇದೆ. ಭಟ್ಕಳ, ಮಂಗಳೂರು ಕಡೆಯ ಅನೇಕ ಕುಟುಂಬಗಳು ಇವನ್ನು ಬಳಸುತ್ತವೆ. ಬಾಕಿ ಉಳಿಸಬಾರದೆಂಬ ನಿಯಮ ಅವಕ್ಕೂ ಅಷ್ಟೇ ಅನ್ವಯ.

ಕೊನೆಯದು ಯಾವ ಬಿಲ್ಲಿನಲ್ಲಿಯೂ ಕಾಣದ ನಷ್ಟ. ಎಂಐಟಿಯ ಪ್ರೆಲೆಕ್ ಮತ್ತು ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗಳನ್ನು ಹರಾಜಿಗಿಟ್ಟರು. ಕೆಲವರು ನಗದು ಕೊಡಬೇಕು, ಕೆಲವರು ಕಾರ್ಡ್ ಬಳಸಬೇಕು ಎಂದು ಹೇಳಲಾಗಿತ್ತು. ಕಾರ್ಡಿನವರು ಕೂಗಿದ ಬೆಲೆ ನಗದಿನವರದಕ್ಕಿಂತ ಸುಮಾರು ಎರಡು ಪಟ್ಟು. ಕೈಯಿಂದ ನೋಟು ಜಾರುವಾಗಿನ ಸಂಕಟ ಕಾರ್ಡಿನಲ್ಲಿಲ್ಲ. ತಿಂಗಳ ಖರ್ಚು ಶೇ 10 ಏರಿದರೂ, 40 ದಿರ್ಹಮ್ ಕೊಸರಿಗಾಗಿ 400 ದಿರ್ಹಮ್ ಹೆಚ್ಚು ಕೊಂಡಂತೆ. ಸಂತೆಯಲ್ಲಿ ಕೊಸರಿಗೆಂದೇ ಇನ್ನೊಂದು ಕಿಲೋ ಬದನೆಕಾಯಿ ತಂದವರನ್ನು ಮನೆಯಲ್ಲಿ ಏನೆನ್ನುತ್ತಾರೋ ಅದನ್ನೇ ಇಲ್ಲಿಯೂ ಅನ್ನಬೇಕು.

ಪಾಯಿಂಟ್, ಮೈಲ್, ನಗದು

ನಿವೃತ್ತಿಯ ದೃಷ್ಟಿಯಿಂದ ಈ ಮೂರರಲ್ಲಿ ಆಯ್ಕೆ ಕಷ್ಟವಲ್ಲ. ಪಾಯಿಂಟು, ಮೈಲುಗಳ ಬೆಲೆಯನ್ನು ನೀಡಿದವರೇ ನಿರ್ಧರಿಸುತ್ತಾರೆ, ಅವರೇ ಇಳಿಸಬಲ್ಲರು. ಸ್ಕೈವಾರ್ಡ್ಸ್ ಮೈಲುಗಳು ಸಾಮಾನ್ಯವಾಗಿ ಮೂರು ವರ್ಷಗಳಲ್ಲಿ ಸದಸ್ಯನ ಹುಟ್ಟಿದ ತಿಂಗಳ ಕೊನೆಗೆ ರದ್ದಾಗುತ್ತವೆ. ಮೂರು ವರ್ಷದ ಆಯುಷ್ಯವಿರುವ ವಸ್ತುವಿನಿಂದ ಇಪ್ಪತ್ತು ವರ್ಷದ ಉಳಿತಾಯ ಸಾಧ್ಯವಿಲ್ಲ. ಹೇಗಿದ್ದರೂ ಕೊಳ್ಳಬೇಕಾಗಿದ್ದ ಟಿಕೆಟನ್ನು ಮೈಲುಗಳಿಂದ ಪಡೆದು, ಉಳಿದ ಟಿಕೆಟ್ ಹಣವನ್ನು ಅದೇ ದಿನ ಉಳಿತಾಯಕ್ಕೆ ವರ್ಗಾಯಿಸುವುದೊಂದೇ ಉಪಾಯ. ಅದೂ ಊರಿನ ಮೇಲೆ ಅವಲಂಬಿಸಿದೆ: ಎಮಿರೇಟ್ಸ್ ಬೆಂಗಳೂರಿಗೆ ಹಾರುತ್ತದೆ, ಮಂಗಳೂರಿಗಿಲ್ಲ. ಕರಾವಳಿಯವರಿಗೆ ಆ ಮೈಲುಗಳಿಂದ ಸಿಗುವುದು ಬೆಂಗಳೂರಿನ ನಿಲ್ದಾಣ ಮತ್ತು ಶಿರಾಡಿ ಘಾಟಿಯ ರಾತ್ರಿ ಬಸ್ಸು.

ನಗದು ವಾಪಸಾತಿಯೇ ಸರಿ. ಅದರಲ್ಲಿಯೂ ಒಂದು ಸೂಕ್ಷ್ಮವಿದೆ. ಬಹುಪಾಲು ಕಾರ್ಡುಗಳಲ್ಲಿ ಆ ಹಣ ನಮ್ಮ ಕೈಗೆ ಬರುವುದಿಲ್ಲ. ಮುಂದಿನ ಬಿಲ್ಲಿನಲ್ಲಿ ಅಷ್ಟು ಕಡಿತವಾಗುತ್ತದೆ. ಬಿಲ್ಲು 4,000ದ ಬದಲು 3,960 ಬಂದಾಗ ಆ ನಲವತ್ತು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು. ಶುಕ್ರವಾರದ ಕರಕ್ ಚಹಾದಲ್ಲಿ ಕರಗಿರುತ್ತದೆ. ಆದುದರಿಂದ ಬಿಲ್ಲು ತೀರಿಸಿದ ಗಳಿಗೆಯಲ್ಲೇ ಅಷ್ಟೇ ಮೊತ್ತವನ್ನು ಬೇರೊಂದು ಉಳಿತಾಯ ಖಾತೆಗೆ ವರ್ಗಾಯಿಸಬೇಕು, ಅಥವಾ ಸಂಬಳದ ದಿನ ತಾನಾಗಿ ವರ್ಗಾವಣೆಯಾಗುವಂತೆ ಬ್ಯಾಂಕಿಗೆ ಸ್ಥಾಯೀ ಸೂಚನೆ ಕೊಡಬೇಕು. ಬಿಲ್ಲಿನ ಪೂರ್ಣ ಮೊತ್ತಕ್ಕೂ ಇಂತಹದೇ ಸೂಚನೆಯಿರಲಿ. ‘ಕನಿಷ್ಠ’ ಎಂಬ ಆಯ್ಕೆ ಅಲ್ಲಿ ಮೊದಲೇ ಗುರುತಾಗಿದ್ದರೆ ಬದಲಿಸಬೇಕು.

ಇಡುವ ಜಾಗ

ಯುಎಇಯಲ್ಲಿಯೇ ಇಡುವುದಾದರೆ ಸಣ್ಣ ಮೊತ್ತಕ್ಕೆ ಒಗ್ಗುವ ದಾರಿ ನ್ಯಾಷನಲ್ ಬಾಂಡ್ಸ್. 2006ರಲ್ಲಿ ಆರಂಭವಾದ ಈ ಸಂಸ್ಥೆಯ ಉಳಿತಾಯ ಪತ್ರ ತಲಾ 10 ದಿರ್ಹಮ್‌ನದು, ಕನಿಷ್ಠ ಖರೀದಿ 100 ದಿರ್ಹಮ್. ಷರಿಯಾ ನಿಯಮಕ್ಕೆ ಒಳಪಟ್ಟದ್ದು. ವಿದೇಶೀಯರೂ ಕೊಳ್ಳಬಹುದು. ಮೂರು ತಿಂಗಳ ಕೊಸರು ಸೇರಿದರೆ ಒಂದು ಖರೀದಿಯಾಯಿತು.

ವಿಮೆಯೊಡನೆ ಬೆರೆಸಿದ ಇಪ್ಪತ್ತು-ಇಪ್ಪತ್ತೈದು ವರ್ಷಗಳ ‘ಉಳಿತಾಯ ಯೋಜನೆ’ಗಳ ಬಗೆಗೆ ಎಚ್ಚರವಿರಬೇಕು. ಅವುಗಳ ಕಂತನ್ನು ಕಾರ್ಡಿನಲ್ಲಿ ಕಟ್ಟಿ ಪಾಯಿಂಟ್ ಗಳಿಸಬಹುದೆಂದು ಮಧ್ಯವರ್ತಿಗಳು ಹೇಳುವುದುಂಟು. ಆರಂಭದ ವರ್ಷಗಳ ಕಂತಿನ ದೊಡ್ಡ ಪಾಲು ದಲ್ಲಾಳಿಗೆ ಹೋಗುತ್ತಿದ್ದುದರಿಂದಲೇ 2020ರ ಅಕ್ಟೋಬರ್‌ನಿಂದ ಯುಎಇಯ ನಿಯಂತ್ರಕರು ಅಂತಹ ದಲ್ಲಾಳಿಗೆ ಮಿತಿ ಹಾಕಬೇಕಾಯಿತು. ನಡುವೆ ಕೆಲಸ ಹೋಗಿ ಊರಿಗೆ ಮರಳಿದವನು ಕಂತು ನಿಲ್ಲಿಸಿದರೆ ಕಟ್ಟಿದ್ದರಲ್ಲಿ ಎಷ್ಟು ಹಿಂತಿರುಗುತ್ತದೆ ಎಂಬುದನ್ನು ಸಹಿ ಹಾಕುವ ಮುನ್ನ ಬರಹದಲ್ಲಿ ಕೇಳಿ ಪಡೆಯಬೇಕು.

ಭಾರತದಲ್ಲಿ ಇಡುವುದಾದರೆ ಎನ್‌ಆರ್‌ಇ ಖಾತೆ ಎಲ್ಲಕ್ಕೂ ಹೆಬ್ಬಾಗಿಲು. ಅನಿವಾಸಿಯಾಗಿರುವಷ್ಟು ಕಾಲ ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ. ಸಾರ್ವಜನಿಕ ಭವಿಷ್ಯನಿಧಿಯಲ್ಲಿ ಅನಿವಾಸಿಗಳು ಹೊಸ ಖಾತೆ ತೆರೆಯುವಂತಿಲ್ಲ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಎಂದರೆ ಎನ್‌ಪಿಎಸ್, ಅನಿವಾಸಿ ಭಾರತೀಯರಿಗೂ ತೆರೆದಿದೆ. ವರ್ಷಕ್ಕೆ 1,000 ರೂಪಾಯಿ ಕಟ್ಟಿದರೆ ಖಾತೆ ಜೀವಂತವಾಗಿರುತ್ತದೆ. ಹಣ ಮಾರುಕಟ್ಟೆಯಲ್ಲಿ ಬೆಳೆಯುತ್ತದೆ, ಇಳಿಯಲೂಬಹುದು. ಅರವತ್ತರ ನಂತರ ಒಂದಂಶ ಇಡುಗಂಟಾಗಿ, ಉಳಿದದ್ದು ತಿಂಗಳ ಪಿಂಚಣಿಯಾಗಿ ಬರುತ್ತದೆ. ದಿರ್ಹಮ್‌ಗೆ 23 ರೂಪಾಯಿ ಎಂದು ಹಿಡಿದರೆ ವರ್ಷದ ಕೊಸರು 480 ದಿರ್ಹಮ್ ಎಂದರೆ 11,000 ರೂಪಾಯಿ. ಎನ್‌ಪಿಎಸ್ ಖಾತೆಗೆ ಅದು ಅಲ್ಪವಲ್ಲದ ವಾರ್ಷಿಕ ಕಂತು. ಕಳಿಸುವುದನ್ನು ವರ್ಷಕ್ಕೊಮ್ಮೆ ಮಾಡಬೇಕು. ನಲವತ್ತು ದಿರ್ಹಮ್ ಕಳಿಸಲು ಎಕ್ಸ್‌ಚೇಂಜಿನಲ್ಲಿ ಹದಿನೈದು-ಇಪ್ಪತ್ತು ಶುಲ್ಕ ತೆರುವುದು ಕೂಲಿಗಿಂತ ಗಾಡಿಬಾಡಿಗೆ ಹೆಚ್ಚಾದಂತೆ.

ಎನ್‌ಪಿಎಸ್‌ನ ಕಂತನ್ನು ನೇರವಾಗಿ ಕ್ರೆಡಿಟ್ ಕಾರ್ಡಿನಲ್ಲಿಯೇ ಕಟ್ಟಿ ಎರಡೂ ಕಡೆಯ ಲಾಭ ಪಡೆಯಬಹುದೆಂಬ ಜಾಣತನ ಭಾರತದಲ್ಲಿ ಕೆಲಕಾಲ ನಡೆಯಿತು. ಸುಲಭವಾಗಿ ಹಿಂಪಡೆಯಬಹುದಾದ ಎರಡನೇ ಹಂತದ ಖಾತೆಗೆ ಕಾರ್ಡಿನಿಂದ ಹಣ ಕಟ್ಟುವುದನ್ನು 2022ರ ಆಗಸ್ಟ್‌ನಲ್ಲಿ ಪಿಂಚಣಿ ನಿಧಿ ನಿಯಂತ್ರಣ ಪ್ರಾಧಿಕಾರ ನಿಲ್ಲಿಸಿತು. ಸಾಲ ಮಾಡಿ ಉಳಿತಾಯ ಮಾಡುವುದು ವಿಚಿತ್ರವೇ ಸರಿ.

ಈ ಕೊಸರಿಗೆ ಅತ್ಯಂತ ಸರಿಹೊಂದುವ ಜಾಗ ಮಾತ್ರ ಕನ್ನಡಿಗರಲ್ಲಿ ಒಂದು ಗುಂಪಿಗಷ್ಟೇ ಲಭ್ಯ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಮುಂತಾದ ಕಾಸರಗೋಡು ಜಿಲ್ಲೆಯ ಊರುಗಳಿಂದ ಬಂದ ಕನ್ನಡಿಗರು ಆಡಳಿತದ ದೃಷ್ಟಿಯಲ್ಲಿ ಕೇರಳದವರು. 2008ರ ಕಾಯ್ದೆಯಡಿ ರಚಿತವಾದ ಕೇರಳದ ಪ್ರವಾಸಿ ಕ್ಷೇಮನಿಧಿ ಮಂಡಳಿಗೆ ಅವರು ಸದಸ್ಯರಾಗಬಹುದು; ಸೇರುವ ವಯಸ್ಸು 18ರಿಂದ 60. ವಿದೇಶದಲ್ಲಿರುವವರ ವಂತಿಗೆ 2022ರ ಪರಿಷ್ಕರಣೆಯಂತೆ ತಿಂಗಳಿಗೆ 350 ರೂಪಾಯಿ. ಕನಿಷ್ಠ ಐದು ವರ್ಷ ಕಟ್ಟಿದವರಿಗೆ ಅರವತ್ತರ ನಂತರ ತಿಂಗಳಿಗೆ ಕನಿಷ್ಠ 3,500 ರೂಪಾಯಿ ಪಿಂಚಣಿ. ನಲವತ್ತನೇ ವಯಸ್ಸಿಗೆ ಸೇರಿದವನು ಇಪ್ಪತ್ತು ವರ್ಷಗಳಲ್ಲಿ ಕಟ್ಟುವುದು 84,000 ರೂಪಾಯಿ. ಪಿಂಚಣಿ ಆರಂಭವಾದ 24 ತಿಂಗಳಲ್ಲಿ ಅಷ್ಟೂ ಹಿಂದಿರುಗುತ್ತದೆ, ಅಲ್ಲಿಂದ ಮುಂದೆ ಬದುಕಿರುವಷ್ಟು ಕಾಲ ಬರುತ್ತಲೇ ಇರುತ್ತದೆ.

350 ರೂಪಾಯಿ ಎಂದರೆ 15 ದಿರ್ಹಮ್. ಶೇ 1 ಕೊಸರು ಕೊಡುವ ಕಾರ್ಡಿನಲ್ಲಿ 1,500 ದಿರ್ಹಮ್ ದಿನಸಿ ಕೊಂಡರೆ ಒಂದು ತಿಂಗಳ ವಂತಿಗೆ ತುಂಬಿತು. ವರ್ಷಕ್ಕೆ ಬೇಕಾದದ್ದು 183 ದಿರ್ಹಮ್. ವಾರ್ಷಿಕ ಶುಲ್ಕವಿಲ್ಲದ ಕಾರ್ಡಿನ 480ರಲ್ಲಿ ಅದನ್ನು ಕಟ್ಟಿ ಮಿಕ್ಕದ್ದನ್ನು ಎನ್‌ಪಿಎಸ್‌ಗೆ ಹಾಕಬಹುದು. ಶುಲ್ಕವಿರುವ ಕಾರ್ಡಿನಲ್ಲಿ ಉಳಿಯುವ 165 ಅದಕ್ಕೂ ಸಾಲದು. ಬೆಲೆಯೇರಿಕೆಯೊಡನೆ ಈ ಪಿಂಚಣಿ ತಾನಾಗಿ ಏರುವುದಿಲ್ಲ ಎಂಬ ಮಿತಿ ಇದೆ. ಆದರೂ 15 ದಿರ್ಹಮ್‌ಗೆ ಇದಕ್ಕಿಂತ ಒಳ್ಳೆಯ ಉಪಯೋಗ ಕಾಣುವುದಿಲ್ಲ. ಕಾಸರಗೋಡಿನ ಕನ್ನಡಿಗರಿಗೆ ಮಲಯಾಳದ ಅರ್ಜಿ ನಮೂನೆಗಳು ಅಡ್ಡಿಯಾಗುವುದುಂಟು. ಅರ್ಜಿ ತುಂಬಿಸುವ ಕೆಲಸದಲ್ಲಿ ದುಬೈ, ಅಬುಧಾಬಿಯ ಕನ್ನಡ ಸಂಘಗಳು ಒಂದು ಶುಕ್ರವಾರ ಕುಳಿತರೂ ಹಲವರಿಗೆ ಉಪಕಾರವಾದೀತು. ಗಡಿಯ ಈಚೆಗಿನ ಉಳ್ಳಾಲದವನಿಗೋ ಪುತ್ತೂರಿನವನಿಗೋ ಈ ದಾರಿಯಿಲ್ಲ. ಅನಿವಾಸಿ ಕಾರ್ಮಿಕರಿಗಾಗಿ ಇಂತಹ ವಂತಿಗೆ ಆಧಾರಿತ ಪಿಂಚಣಿ ಕರ್ನಾಟಕದಲ್ಲಿ ಬಂದಿಲ್ಲ. ಕೊಲ್ಲಿಯ ಕನ್ನಡಿಗರು ಕೇಳಬೇಕಾದದ್ದು ಏನಾದರೂ ಇದ್ದರೆ ಇದನ್ನು.

ಊರಿಗೆ ಹೊರಡುವಾಗ

ಕಾರ್ಡಿನ ವ್ಯವಹಾರ ನಿವೃತ್ತಿಯೊಡನೆ ನಿಜವಾಗಿ ಮುಖಾಮುಖಿಯಾಗುವುದು ಕೆಲಸ ಬಿಡುವ ತಿಂಗಳಲ್ಲಿ. ಗ್ರಾಚ್ಯುಟಿಯ ಹಣ ಸಂಬಳದ ಖಾತೆಗೇ ಬರುತ್ತದೆ. ಅದು ಅಂತಿಮ ಲೆಕ್ಕದ ಹಣವೆಂದು ತಿಳಿದೊಡನೆ, ಆ ಬ್ಯಾಂಕಿನಲ್ಲಿ ಸಾಲವೋ ಕಾರ್ಡ್ ಬಾಕಿಯೋ ಇದ್ದರೆ, ಬ್ಯಾಂಕು ಹಣವನ್ನು ತಡೆಹಿಡಿಯುವುದು ಇಲ್ಲಿಯ ರೂಢಿ. ಇಪ್ಪತ್ತು ವರ್ಷಗಳ 74,000 ದಿರ್ಹಮ್ ಮೊದಲು ತೀರಿಸುವುದು ಕಾರ್ಡಿನ ಬಾಕಿಯನ್ನು. ಬಾಕಿ ಬಿಟ್ಟು ಹೊರಡುವುದು ಇನ್ನೂ ಕೆಡುಕು. ಸಾಲ 10,000 ದಿರ್ಹಮ್‌ಗೆ ಕಡಿಮೆಯಿಲ್ಲದಿದ್ದರೆ ಸಾಲಕೊಟ್ಟವರು ನ್ಯಾಯಾಲಯದಿಂದ ಪ್ರಯಾಣ ನಿಷೇಧ ಕೇಳಬಹುದು. ಅಲ್ ಇತಿಹಾದ್ ಕ್ರೆಡಿಟ್ ಬ್ಯೂರೊದಲ್ಲಿ ತಪ್ಪಿದ ಪಾವತಿಗಳೆಲ್ಲ ದಾಖಲಾಗುತ್ತವೆ.

ಕೆಲಸ ಹಠಾತ್ತನೆ ಹೋದವರಿಗೆ 2023ರಿಂದ ಕಡ್ಡಾಯವಾಗಿರುವ ಉದ್ಯೋಗನಷ್ಟ ವಿಮೆಯಿಂದ ಮೂಲವೇತನದ ಶೇ 60 ಗರಿಷ್ಠ ಮೂರು ತಿಂಗಳು ದೊರೆಯುತ್ತದೆ. ನಾವು ಹಿಡಿದ ಉದಾಹರಣೆಯಲ್ಲಿ ಅದು ತಿಂಗಳಿಗೆ 2,400 ದಿರ್ಹಮ್. ಆ ಮೂರು ತಿಂಗಳು ಕಾರ್ಡಿನ ಮೇಲೆ ಬದುಕುವ ಆಸೆ ಸಹಜ. ಬಹಳ ಮಂದಿಯ ಬಾಕಿ ಬೆಳೆಯುವುದು ಆಗಲೇ. ಆದ್ದರಿಂದ ಮೂರು ತಿಂಗಳ ಖರ್ಚಿನಷ್ಟು ನಗದು ಕೂಡುವವರೆಗೆ ಕೊಸರಿನ ಹಣವನ್ನು ದೂರದ ಪಿಂಚಣಿಗೆ ಕಳಿಸದೆ ಕೈಗೆಟಕುವ ಖಾತೆಯಲ್ಲಿಯೇ ಇಡುವುದು ಮೇಲು. ಪ್ರವಾಸಿ ಮಂಡಳಿಯ ವಂತಿಗೆ ಮಾತ್ರ ಇದಕ್ಕೆ ಅಪವಾದ.

ಹೊರಡುವುದು ನಿಶ್ಚಯವಾದಾಗ ಕ್ರಮ ತಪ್ಪಬಾರದು. ಮೊದಲು ಉಳಿದ ಪಾಯಿಂಟುಗಳನ್ನು ನಗದಾಗಿಸಬೇಕು, ಏಕೆಂದರೆ ಕಾರ್ಡ್ ಮುಚ್ಚಿದಾಗ ಅವು ಸಾಮಾನ್ಯವಾಗಿ ಬರಿದಾಗುತ್ತವೆ. ಆಮೇಲೆ ಕಾರ್ಡಿಗೆ ಜೋಡಿಸಿದ ಫೋನು, ಚಲನಚಿತ್ರ, ಟೋಲ್ ಮುಂತಾದ ತಾನಾಗಿ ನಡೆಯುವ ಪಾವತಿಗಳನ್ನು ನಿಲ್ಲಿಸಬೇಕು. ಮರೆತುಹೋದ ಮೂವತ್ತು ದಿರ್ಹಮ್‌ನ ಚಂದಾ ದಂಡ, ಬಡ್ಡಿ ಸೇರಿ ವರ್ಷದೊಳಗೆ ಸಾವಿರ ದಾಟಬಲ್ಲದು. ಬಳಿಕ ಪೂರ್ಣ ಬಾಕಿ ತೀರಿಸಿ ಕಾರ್ಡ್ ರದ್ದುಗೊಳಿಸಲು ಬರಹದಲ್ಲಿ ಕೋರಬೇಕು. ಬಾಕಿಯಿಲ್ಲವೆಂಬ ಪತ್ರವನ್ನು ಬ್ಯಾಂಕು ಒಡನೆಯೇ ಕೊಡುವುದಿಲ್ಲ. ಕೊನೆಯ ವಹಿವಾಟುಗಳು ಬಂದು ಸೇರಲು ಕೆಲವು ವಾರ ಕಾಯುತ್ತದೆ. ಆದುದರಿಂದ ವಿಮಾನದ ದಿನಕ್ಕೆ ಎರಡು ತಿಂಗಳ ಮೊದಲೇ ಈ ಕೆಲಸ ಆರಂಭವಾಗಬೇಕು. ಪತ್ರ ಕೈಸೇರಿದ ಮೇಲೆ ಅದರ ಒಂದು ಪ್ರತಿಯನ್ನು ಗ್ರಾಚ್ಯುಟಿಯ ಲೆಕ್ಕಪತ್ರದೊಡನೆ ಊರಿನ ಮನೆಯಲ್ಲಿ ಇಟ್ಟುಕೊಳ್ಳಬೇಕು.